ಆಫ್ ಮಾಡಬೇಡಿ, ಅಪ್ಪಣೆಯ ಮೇರೆಗೆ

ಬೋರ್ಡಣ್ಣನಿಗೊಂದು ಕಾಯಿಲೆ ಇತ್ತು. ಅದಕ್ಕೆ ಯಾವ ಡಾಕ್ಟರ ಬಳಿಯೂ ಹೆಸರಿಲ್ಲ, ಮದ್ದಂತೂ ಇಲ್ಲವೇ ಇಲ್ಲ. ಎಲ್ಲೇ ಏನೇ ಬರೆದು ಹಾಕಿರಲಿ, ಒಮ್ಮೆ ಕಣ್ಣಿಗೆ ಬಿತ್ತೋ, ಅದರಂತೆ ನಡೆದೇ ತೀರುತ್ತಿದ್ದ. ‘ಸಾಲಿನಲ್ಲಿ ನಿಲ್ಲಿ’ ಎಂದಿದ್ದರೆ, ಅಲ್ಲಿ ಇನ್ನೊಂದು ನರಪಿಳ್ಳೆ ಇಲ್ಲದಿದ್ದರೂ ಒಬ್ಬನೇ ಸಾಲಾಗಿ ನಿಂತುಬಿಡುತ್ತಿದ್ದ. ಹಲ್ಲು ಕೀಳಿಸಲು ಹೋದ ಆಸ್ಪತ್ರೆಯ ಗೋಡೆಯ ಮೇಲೆ ‘ಗದ್ದಲ ಮಾಡಬೇಡಿ’ ಎಂದಿತ್ತು. ಪುಣ್ಯಾತ್ಮ ದವಡೆ ಹಲ್ಲು ಕಿತ್ತಾಗ ಪಿಸುಮಾತಿನಲ್ಲಿ ಅಯ್ಯಯ್ಯೋ ಅಂದನಂತೆ. ಡಾಕ್ಟರು ಹೆದರಿ ನಾಡಿ ಹಿಡಿದು ನೋಡಿದರಂತೆ.

ಅವನ ಕಸುಬೇ ಅಂಥದ್ದು. ಮೂವತ್ತೊಂದು ವರ್ಷದಿಂದ ತಗಡಿನ ಮೇಲೆ, ಗೋಡೆಯ ಮೇಲೆ, ಹಲಗೆಯ ಮೇಲೆ ಬಣ್ಣದಲ್ಲಿ ಸೂಚನೆ ಬರೆಯುವುದು. ‘ಇಲ್ಲಿ ವಾಹನ ನಿಲ್ಲಿಸಬೇಡಿ’, ‘ಕಸ ಹಾಕಬೇಡಿ’, ‘ಹೂ ಕೀಳಬೇಡಿ’. ಊರಿನ ಅರ್ಧದಷ್ಟು ‘ಬೇಡಿ’ಗಳು ಅವನ ಕೈಯಿಂದಲೇ ಹೊರಟಂಥವು. ಸುಣ್ಣ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಮಿಡಿದು ಗೆರೆ ಮೂಡಿಸುತ್ತಿದ್ದ. ಆಮೇಲೆ ಮಣಿಕಟ್ಟನ್ನು ಕೋಲಿನ ಮೇಲೆ ಆನಿಸಿ, ಉಸಿರು ಬಿಗಿಹಿಡಿದು ಒತ್ತಕ್ಷರಕ್ಕೆ ಬಾಲ ಎಳೆಯುತ್ತಿದ್ದ. ಇಷ್ಟೆಲ್ಲ ಮಾಡಿ ಏಣಿ ಇಳಿಯುವಷ್ಟರಲ್ಲಿ ಆ ಬೋರ್ಡಿನ ಕೆಳಗೇ ಯಾರೋ ಒಬ್ಬ ಗಾಡಿ ನಿಲ್ಲಿಸಿ, ಬೀಗ ಹಾಕಿಕೊಂಡು ಹೊರಟಿರುತ್ತಿದ್ದ. “ಬಣ್ಣ ಆರೋ ತನಕ ಆದ್ರೂ ಕಾಯಬಾರದೇನಪ್ಪಾ?” ಎಂದಷ್ಟೇ ಕೇಳುತ್ತಿದ್ದ ಬೋರ್ಡಣ್ಣ. ಜಗಳದ ಮನುಷ್ಯನಲ್ಲ. ಆದರೆ ಊರಿಗೆ ಊರೇ ತನ್ನ ಬೋರ್ಡುಗಳನ್ನು ಕಾಲಕಸ ಮಾಡಿದೆಯಲ್ಲ ಎಂಬ ನೋವು ಹೊಟ್ಟೆಯೊಳಗೆ ಇದ್ದೇ ಇತ್ತು. ಅದಕ್ಕೇ, ಯಾರು ಬಿಟ್ಟರೂ ತಾನಂತೂ ಇನ್ನೊಬ್ಬ ಬರೆದದ್ದಕ್ಕೆ ಬೆಲೆ ಕೊಡಬೇಕು ಎಂದು ತೀರ್ಮಾನ ಮಾಡಿಕೊಂಡಿದ್ದ.

ಇಂಥವನ ಮನೆಗೆ ಕಂಪ್ಯೂಟರ್ ಬಂತು. ಬಂದದ್ದು ಅವನಿಗಲ್ಲ, ಹೆಂಡತಿಗೆ. ಡಿಗ್ರಿಯ ಕೊನೆಯ ವರ್ಷದಲ್ಲಿ ಓದು ಬಿಟ್ಟು ಮದುವೆಯಾದ ಹೆಂಗಸು, ಐವತ್ತು ದಾಟಿದ ಮೇಲೆ ಅಂಚೆ ಮೂಲಕ ಓದಿ ಪರೀಕ್ಷೆಗಳನ್ನೆಲ್ಲ ಮುಗಿಸಿದ್ದಳು. ಉಳಿದಿದ್ದದ್ದು ಒಂದೇ, ಸಮಾಜಶಾಸ್ತ್ರದ ವರದಿ. ಅದನ್ನು ಬುಧವಾರ ಸಂಜೆ ಐದರೊಳಗೆ ಕಂಪ್ಯೂಟರಿನಿಂದಲೇ ಕಳಿಸಬೇಕು. ತಪ್ಪಿದರೆ ಅವಳಿಗೆ ಕೊಟ್ಟ ವರ್ಷಗಳ ಗಡುವು ಮುಗಿದು, ಮತ್ತೆ ಮೊದಲನೇ ವರ್ಷದಿಂದ ಓದಬೇಕು. ವರದಿ ಯಾವುದರ ಮೇಲೆ ಎಂದು ಬೋರ್ಡಣ್ಣ ಒಮ್ಮೆ ಕೇಳಿದ್ದ. “ಸಮಾಜದ ಮೇಲೆ” ಎಂದಿದ್ದಳು. ಸರಿ, ದೊಡ್ಡ ವಿಷಯ ಎಂದು ಸುಮ್ಮನಾಗಿದ್ದ.

ಕಂಪ್ಯೂಟರ್ ಬಂದ ಮೇಲೆ ಬೀದಿಯಲ್ಲಿ ಬೋರ್ಡಣ್ಣನ ನಡಿಗೆಯೇ ಬೇರೆಯಾಯಿತು. “ಕಂಪ್ಯೂಟರ್ ಅಂದ್ರೆ ಏನಿಲ್ಲ ಮೇಷ್ಟ್ರೇ. ಅದು ಏನು ಬರೆದು ತೋರಿಸುತ್ತೋ ಹಾಗೆ ಮಾಡ್ತಾ ಹೋದ್ರಾಯ್ತು. ಜನ ಓದಲ್ಲ, ಅದೇ ಕಷ್ಟ” ಎಂದು ಎದುರುಮನೆಯ ನಿವೃತ್ತ ಮೇಷ್ಟರಿಗೆ ಪಾಠ ಹೇಳುತ್ತಿದ್ದ. ಮೇಷ್ಟರು ತಲೆಯಾಡಿಸುತ್ತಿದ್ದರು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲವಲ್ಲ.

ಸೋಮವಾರ ಬೆಳಿಗ್ಗೆ ಹೆಂಡತಿ ಲೈಬ್ರರಿಗೆ ಹೋಗಿದ್ದಳು. ಬೋರ್ಡಣ್ಣ ಪರದೆಯ ಧೂಳು ಒರೆಸುತ್ತಿದ್ದ. ಮೂಲೆಯಲ್ಲಿ ಒಂದು ಪುಟ್ಟ ಬೋರ್ಡು ಕಾಣಿಸಿತು: ‘ಅಪ್‌ಡೇಟ್ ಸಿದ್ಧವಾಗಿದೆ. ಈಗಲೇ ಮಾಡಿ.’ ಪಕ್ಕದಲ್ಲಿ ‘ಆಮೇಲೆ’ ಎಂದೂ ಇತ್ತು. ಹೆಂಡತಿ ಎಂಟು ತಿಂಗಳಿಂದ ಈ ‘ಆಮೇಲೆ’ಯನ್ನೇ ಒತ್ತುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಯಾರೋ ಒಬ್ಬ, ಎಲ್ಲೋ ಕೂತು, ಪಾಪ, ಅಕ್ಷರ ಜೋಡಿಸಿ ಬರೆದು ಕಳಿಸುತ್ತಾನೆ, ಇವಳು ದಿನಾ ಅವನ ಮುಖಕ್ಕೆ ಹೊಡೆದಂತೆ ಆಮೇಲೆ ಅನ್ನುತ್ತಾಳೆ. ಬೋರ್ಡಣ್ಣ ‘ಈಗಲೇ’ ಒತ್ತಿದ.

ಪರದೆ ನೀಲಿಯಾಯಿತು. ಚುಕ್ಕೆಗಳು ಗುಂಡಗೆ ಓಡತೊಡಗಿದವು. ಮೂವತ್ತೈದು ಪರ್ಸೆಂಟಿಗೆ ಬಂದು ನಿಂತಿತು. ಅದರ ಕೆಳಗೆ ಬಿಳಿ ಅಕ್ಷರದಲ್ಲಿ: ‘ಕಂಪ್ಯೂಟರನ್ನು ಆಫ್ ಮಾಡಬೇಡಿ.’

ಎಂಥ ಬೋರ್ಡು! ನಡುವಿಗೆ ಸರಿಯಾಗಿ, ಎರಡೂ ಕಡೆ ಸಮನಾಗಿ ಜಾಗ ಬಿಟ್ಟು ಬರೆದದ್ದು. ಬೋರ್ಡಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟು, ಕುರ್ಚಿ ಎಳೆದು, ಮುಂದೆ ಕೂತ.

ಹೆಂಡತಿ ಬಂದಾಗಲೂ ಮೂವತ್ತೈದು. ಊಟವಾದ ಮೇಲೂ ಮೂವತ್ತೈದು.

“ಯಾರು ಒತ್ತಿದ್ದು?” ಎಂದಳು. ಮನೆಯಲ್ಲಿ ಇದ್ದದ್ದೇ ಇಬ್ಬರು, ಅದರಲ್ಲಿ ಕೇಳುತ್ತಿದ್ದವಳು ಒಬ್ಬಳು.

“ಅದೇ ಹೇಳ್ತು ಕಣೇ, ಈಗಲೇ ಮಾಡಿ ಅಂತ.”

“ಬುಧವಾರದ ತನಕ ಅದನ್ನ ಮುಟ್ಟಬಾರದು ಅಂತ ನಾನೂ ಹೇಳಿದ್ದೆ.”

“ನೀನು ಬಾಯಲ್ಲಿ ಹೇಳಿದ್ದೆ. ಬರೆದಿರಲಿಲ್ಲವಲ್ಲ” ಎಂದ ಬೋರ್ಡಣ್ಣ ಮೆಲ್ಲಗೆ. ಹೆಂಡತಿ ತಮ್ಮನಿಗೆ ಫೋನ್ ಮಾಡಿದಳು.

ಈ ಭಾವಮೈದ ಮೊಬೈಲಿನ ಕವರು ಮಾರುವ ಅಂಗಡಿ ಇಟ್ಟಿದ್ದ. ಆದ್ದರಿಂದ ಮನೆತನಕ್ಕೆಲ್ಲ ಯಂತ್ರವಿಜ್ಞಾನಿ ಅವನೇ. ಆಳಿಲ್ಲದ ಊರಿಗೆ ಉಳಿದವನೇ ಗೌಡ. ಬಂದವನೇ ಪರದೆಗೆ ಕಿವಿಯಿಟ್ಟು ಕೇಳಿದ, ಹಿಂದುಗಡೆ ಮುಟ್ಟಿ ನೋಡಿದ, ಟೇಬಲ್ ಫ್ಯಾನು ತರಿಸಿ ಅದರ ಮುಖಕ್ಕೆ ಗಾಳಿ ಬಿಟ್ಟ.

“ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಹೇಗೋ?” ಎಂದಳು ಅಕ್ಕ.

“ಅಯ್ಯೋ, ಬೇಡ ಅಕ್ಕಾ! ಅರ್ಧಕ್ಕೆ ಕರೆಂಟ್ ಹೋದ್ರೆ ಒಳಗಿರೋದೆಲ್ಲ ಗುಡಿಸಿ ಹಾಕಿದ ಹಾಗೆ ಹೋಗ್ಬಿಡ್ತದೆ. ನನ್ನ ಗಿರಾಕಿಯೊಬ್ಬರಿಗೆ ಹಾಗೇ ಆಗಿತ್ತು. ಮದುವೆ ಫೋಟೋ ಅಷ್ಟೂ ಹೋಯ್ತು. ಈಗ ಗಂಡನ ಕಡೆಯವರು ಮದುವೇನೇ ಆಗಿಲ್ಲ ಅಂತಿದ್ದಾರೆ.”

ಹೆಂಡತಿಯ ಮುಖ ಸಪ್ಪಗಾಯಿತು. ವರದಿಯ ಮೊದಲ ನಾಲ್ಕು ಅಧ್ಯಾಯ ಬೇರೆ ಕಡೆ ಇಟ್ಟಿದ್ದಳು. ಕೊನೆಯ ಅಧ್ಯಾಯ, ಎರಡು ವರ್ಷ ಕೂಡಿಹಾಕಿದ ಪಟ್ಟಿಗಳು, ಎಲ್ಲ ಈ ನೀಲಿ ಪರದೆಯ ಹಿಂದೆಯೇ ಇದ್ದವು. ಅವಳು ಅಳಲಿಲ್ಲ. ಅತ್ತಿದ್ದರೆ ಬೋರ್ಡಣ್ಣನಿಗೆ ಎಷ್ಟೋ ವಾಸಿಯಿತ್ತು. ಸುಮ್ಮನೆ ಹೋಗಿ ಕಿಟಕಿಯ ಪಕ್ಕ ಕೂತಳು.

ಆ ಕೂತ ರೀತಿ ನೋಡಿ ಬೋರ್ಡಣ್ಣನಿಗೆ ನಿಜವಾಗಿಯೂ ಭಯವಾಯಿತು. ಅವಳ ಮೊದಲನೇ ಸಲದ ಓದು ತನ್ನನ್ನು ಕಟ್ಟಿಕೊಂಡು ಹೋಯಿತು. ಎರಡನೇದು ತನ್ನ ಬೆರಳಿನಿಂದ ಹೋದರೆ ಇನ್ನು ಈ ಮನೆಯಲ್ಲಿ ಯಾವ ಮುಖ ಹೊತ್ತು ತಿರುಗಲಿ? ಕರೆಂಟು ಹೋಗಬಾರದು. ಏನಾದರೂ ಸರಿ, ಕರೆಂಟು ಹೋಗಬಾರದು. ಎದ್ದು ಬಣ್ಣದ ಡಬ್ಬಿ ತೆಗೆದ.

ಮೊದಲ ಬೋರ್ಡು ಮೇನ್ ಸ್ವಿಚ್ಚಿನ ಮೇಲೆ: ‘ಮುಟ್ಟಬೇಡಿ.’ ಎರಡನೆಯದು ಮೆಟ್ಟಿಲ ಗೋಡೆಯ ಮೇಲೆ, ಮಹಡಿಯ ಟೈಲರಮ್ಮನಿಗಾಗಿ: ‘ಇಸ್ತ್ರಿ ಪೆಟ್ಟಿಗೆ ಹಾಕಬೇಡಿ.’ ಇಬ್ಬರಿಗೂ ಫ್ಯೂಸು ಒಂದೇ. ಆಕೆ ಇಸ್ತ್ರಿ ಮತ್ತು ಹೊಲಿಗೆ ಯಂತ್ರ ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸು ‘ನನ್ನ ಕೈಲಾಗಲ್ಲ’ ಎಂದು ಕೈಚೆಲ್ಲುತ್ತಿತ್ತು. ಮೂರನೆಯದನ್ನು ಬೀದಿಯ ವಿದ್ಯುತ್ ಕಂಬಕ್ಕೆ ಕಟ್ಟಿದ. ಬಿಳಿ ಹಲಗೆ, ಕೆಂಪು ಅಕ್ಷರ: ‘ಈ ಬೀದಿಯ ಕರೆಂಟು ತೆಗೆಯಬೇಡಿ. ಮುಖ್ಯ ಕೆಲಸ ನಡೆಯುತ್ತಿದೆ.’ ಬರೆದ ಮೇಲೆ ಕೆಳಗೆ ನಾಲ್ಕು ಬೆರಳು ಜಾಗ ಉಳಿಯಿತು. ಜಾಗ ಖಾಲಿ ಬಿಡುವುದು ಕಸುಬಿಗೇ ಅವಮಾನ. ‘ಅಪ್ಪಣೆಯ ಮೇರೆಗೆ’ ಎಂದು ಸೇರಿಸಿದ. ಯಾರ ಅಪ್ಪಣೆ ಎಂದು ಅವನಿಗೂ ಗೊತ್ತಿರಲಿಲ್ಲ. ಅಕ್ಷರ ಮಾತ್ರ ಜಾಗಕ್ಕೆ ಅಳೆದು ಹೊಲಿದ ಹಾಗೆ ಕೂತಿತು.

ಮಂಗಳವಾರ ಬೆಳಿಗ್ಗೆ ಲೈನ್‌ಮನ್ ಏಣಿ ಹೊತ್ತು ಬಂದ. ಹಳೇ ತಂತಿ ಬದಲಿಸಬೇಕಿತ್ತು, ಹತ್ತು ನಿಮಿಷದ ಕೆಲಸ. ಕಂಬದ ಹತ್ತಿರ ಬಂದವನು ಬೋರ್ಡು ಓದಿದ. ಮತ್ತೊಮ್ಮೆ ಓದಿದ. ಏಣಿಯನ್ನು ಗೋಡೆಗೆ ಒರಗಿಸಿ ಕಚೇರಿಗೆ ಫೋನ್ ಮಾಡಿದ.

ಅರ್ಧ ಗಂಟೆಯಲ್ಲಿ ಇಂಜಿನಿಯರ್ ಬಂದರು. ಬೋರ್ಡಿನ ಸುತ್ತ ಒಂದು ಸುತ್ತು ಹಾಕಿದರು. ಕೆಂಪು ಅಂಚು, ಸಮನಾದ ಅಕ್ಷರ. ಇಷ್ಟು ಚೆನ್ನಾಗಿ ಬರೆಸಿದ್ದಾರೆಂದರೆ ದೊಡ್ಡವರೇ ಇರಬೇಕು. ಕಂಬದ ಪಕ್ಕದಲ್ಲೇ ಇದ್ದ ಬೋರ್ಡಣ್ಣನ ಬಾಗಿಲು ತಟ್ಟಿದರು.

“ಸಾರ್, ಒಳಗೆ ಏನು ಕೆಲಸ ನಡೀತಿದೆ ಅಂತ ತಿಳ್ಕೋಬಹುದಾ?”

“ನಂಗೂ ಗೊತ್ತಿಲ್ಲ ಸಾರ್. ಅದನ್ನ ಅವರು ಹೇಳಲ್ಲ. ಮುಗಿಯೋ ತನಕ ಆಫ್ ಮಾಡಬೇಡಿ ಅಂದಿದ್ದಾರೆ, ಅಷ್ಟೇ.” ಬೋರ್ಡಣ್ಣ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ.

“ಅವರು ಅಂದ್ರೆ... ಎಲ್ಲಿಯವರು?”

“ಹೊರದೇಶದಿಂದ ಬರ್ತದಂತೆ. ನನ್ನ ಭಾವಮೈದ ಹೇಳಿದ.”

ಇಂಜಿನಿಯರ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. “ಎಷ್ಟಕ್ಕೆ ಬಂದಿದೆ ಈಗ?”

“ಮೂವತ್ತೈದು ಪರ್ಸೆಂಟ್.”

“ಓಹೋ” ಎಂದರು ಇಂಜಿನಿಯರ್, ಬಹಳ ಗೌರವದಿಂದ. ಅಂಗಳಕ್ಕೆ ಇಳಿದು ತಮ್ಮ ಮೇಲಧಿಕಾರಿಗೆ ಫೋನ್ ಮಾಡಿದರು. ಆ ಅಪ್ಪಣೆಯ ವಿಷಯ ತನಗೆ ಗೊತ್ತಿಲ್ಲ ಎಂದರೆ ತನ್ನನ್ನು ಬಿಟ್ಟು ಅಪ್ಪಣೆ ಬಂದಿದೆ ಎಂದಾಗುತ್ತದಲ್ಲ, ಆದ್ದರಿಂದ ಮೇಲಧಿಕಾರಿ “ಹೌದು ಹೌದು, ಅದು ಗೊತ್ತಿರೋದೇ, ನಿಮಗೆ ತಿಳಿಸಿರಲಿಲ್ವೇ?” ಎಂದರು. ಅವರು ಅವರ ಮೇಲಿನವರಿಗೆ ಫೋನ್ ಮಾಡಿದರು. ಅವರಿಗೂ ಗೊತ್ತಿತ್ತು. ಹೀಗೆ ಮಧ್ಯಾಹ್ನದ ಹೊತ್ತಿಗೆ ಇಲಾಖೆಯಲ್ಲಿ ಗೊತ್ತಿಲ್ಲದವನು ಒಬ್ಬನೂ ಉಳಿಯಲಿಲ್ಲ. ಸಂಜೆಗೆ ಆದೇಶವೇ ಬಂತು: ಸದರಿ ಬೀದಿಯ ಕರೆಂಟನ್ನು ಮುಂದಿನ ಸೂಚನೆಯವರೆಗೆ ಯಾವ ಕಾರಣಕ್ಕೂ ತೆಗೆಯತಕ್ಕದ್ದಲ್ಲ. ತಂತಿ ಕೆಲಸವನ್ನು ಹಿಂದಿನ ಬೀದಿಗೆ ದಾಟಿಸಿದರು. ಪಾಪ, ಹಿಂದಿನ ಬೀದಿಯವರು ಯಾರ ಗೊಡವೆಗೂ ಹೋದವರಲ್ಲ, ದಿನವಿಡೀ ಬೀಸಣಿಗೆ ಹಿಡಿದು ಕೂತರು.

ಬೀದಿಯಲ್ಲಿ ಗುಸುಗುಸು ಶುರುವಾಯಿತು. “ಏನೋ ಎಣಿಕೆ ನಡೀತಿದೆ, ದೇಶದ್ದು” ಎಂದರು ಮೇಷ್ಟರು. “ಎಣಿಕೆ ಆದ್ರೆ ನಮ್ಮ ಇಸ್ತ್ರಿ ಪೆಟ್ಟಿಗೆ ಯಾಕೆ ಬೇಡ ಅಂತಾರೆ? ಶಾಖ ತಾಗಬಾರದ್ದು ಏನೋ ಒಳಗಿದೆ” ಎಂದರು ಟೈಲರಮ್ಮ. ಏನೆಂದು ಗೊತ್ತಿಲ್ಲದ್ದರಿಂದ ಜನ ಎಲ್ಲವನ್ನೂ ಪಾಲಿಸತೊಡಗಿದರು. ಟೈಲರಮ್ಮ ಬಟ್ಟೆಗಳನ್ನು ಹಾಸಿಗೆಯ ಅಡಿ ಮಡಿಸಿಟ್ಟು ಮೇಲೆ ಮಲಗಿ ಇಸ್ತ್ರಿ ಮಾಡಿದರು. ಬೀದಿಯ ಕೊನೆಯ ‘ವಾಹನ ನಿಲ್ಲಿಸಬೇಡಿ’ಯ ಕೆಳಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ನೆಲ ಕಾಣಿಸಿತು. ಅದೂ ಇದಕ್ಕೇ ಸೇರಿದ್ದಿರಬೇಕು, ಯಾಕೆ ಸುಮ್ಮನೆ ಎಂದು ಜನ ಗಾಡಿ ತೆಗೆದಿದ್ದರು.

ಬೋರ್ಡಣ್ಣ ಜಗಲಿಯಲ್ಲಿ ನಿಂತು ಆ ಖಾಲಿ ನೆಲವನ್ನು ನೋಡಿದ. ಮೂವತ್ತೊಂದು ವರ್ಷ ಕಾದದ್ದು ಕಣ್ಣ ಮುಂದೆಯೇ ಇತ್ತು. ಸಂತೋಷ ಪಡೋಣ ಎಂದರೆ ಒಳಗಿನಿಂದ ಹೆಂಡತಿ ಹಾಳೆ ತಿರುವುವ ಸದ್ದು ಕೇಳಿಸಿತು. ಕೊನೆಯ ಅಧ್ಯಾಯವನ್ನು ನೆನಪಿನಿಂದ ಬರೆಯಲು ನೋಡುತ್ತಿದ್ದಳು. ಬರೆಯುವುದು, ಹೊಡೆದುಹಾಕುವುದು, ಬರೆಯುವುದು. ಬೋರ್ಡಣ್ಣ ಒಳಗೆ ಹೋಗಿ ಅವಳಿಗೊಂದು ಟೀ ಮಾಡಿಕೊಟ್ಟ. ಅವಳು “ಸಕ್ಕರೆ ಹಾಕಿಲ್ಲ” ಎಂದಳು. ಅಷ್ಟೇ ಮಾತು.

ಬುಧವಾರ ಮೂರೂವರೆಗೂ ಮೂವತ್ತೈದೇ. ಊರಿಗೆ ಹೋಗಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಯವಳು ಆ ದಿನವೇ ಮರಳಿದ್ದಳು. ಹೆಂಡತಿ ತಾನೇ ಹೋಗಿ ಕರೆತಂದಳು. ನಲವತ್ತರ ಹೆಂಗಸು, ಮಾತು ಕಡಿಮೆ. ಅವಳ ಹಿಂದೆ ಟೈಲರಮ್ಮ, ಮೇಷ್ಟರು, ಭಾವಮೈದ, ಮತ್ತು ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಲು ಬಂದಿದ್ದ ಇಂಜಿನಿಯರ್, ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ನೀಲಿ ಪರದೆಯನ್ನೂ ಅದಕ್ಕೆ ಬೀಸುತ್ತಿದ್ದ ಫ್ಯಾನನ್ನೂ ನೋಡಿ ಇಂಜಿನಿಯರ್ ಮತ್ತೆ ಕರವಸ್ತ್ರ ತೆಗೆದರು.

“ಎಷ್ಟು ಹೊತ್ತಿನಿಂದ ಹೀಗಿದೆ?” ಎಂದಳು ಅಂಗಡಿಯವಳು.

“ಸೋಮವಾರದಿಂದ. ಒಂದು ಕ್ಷಣವೂ ಕರೆಂಟ್ ಹೋಗದ ಹಾಗೆ ಕಾದಿದ್ದೀವಿ” ಎಂದ ಬೋರ್ಡಣ್ಣ.

“ಒಂದ್ಸಲ ಹೋಗಿದ್ರೆ ಸೋಮವಾರವೇ ಸರಿಯಾಗ್ತಿತ್ತು. ಇದು ಸಿಕ್ಕಿಹಾಕ್ಕೊಂಡಿದೆ, ಅಷ್ಟೇ. ಆ ಬಟನ್ ಹತ್ತು ಸೆಕೆಂಡ್ ಒತ್ತಿಹಿಡೀರಿ. ಆಫ್ ಆಗುತ್ತೆ. ಮತ್ತೆ ಆನ್ ಮಾಡಿ.”

ಇಂಜಿನಿಯರ್ ಗೋಡೆ ಹಿಡಿದುಕೊಂಡರು. ಮೇಷ್ಟರು ಅವರಿಗೆ ಕುರ್ಚಿ ಕೊಟ್ಟರು.

“ಒಳಗಿರೋದೆಲ್ಲ ಹೋಗ್ಬಿಡ್ತದಲ್ಲ!” ಎಂದ ಭಾವಮೈದ.

“ಹೆಚ್ಚುಕಮ್ಮಿ ಯಾವತ್ತೂ ಹೋಗಲ್ಲ. ನೂರಕ್ಕೆ ತೊಂಬತ್ತೊಂಬತ್ತು.”

“ಆದ್ರೆ ಬರೆದಿದೆಯಲ್ಲಮ್ಮಾ!” ಬೋರ್ಡಣ್ಣ ಪರದೆಗೆ ಬೆರಳು ತೋರಿಸಿದ. “ಕಣ್ಣೆದುರಿಗೇ ಬರೆದಿದೆ ನೋಡು, ಆಫ್ ಮಾಡಬೇಡಿ ಅಂತ.”

“ಬರೆದವರು ಇದು ಮೂರು ದಿನ ಮಲಗುತ್ತೆ ಅಂದ್ಕೊಂಡಿರಲ್ಲ ಅಣ್ಣಾ.”

ಹೆಂಡತಿ ಗಡಿಯಾರ ನೋಡಿದಳು. ನಾಲ್ಕಕ್ಕೆ ಐದು ನಿಮಿಷ. ಅವಳೇ ಕೈ ಚಾಚಬಹುದಿತ್ತು. ಚಾಚಲಿಲ್ಲ. “ನೀವು ಶುರು ಮಾಡಿದ್ದು. ನೀವೇ ಒತ್ತಿ” ಎಂದಳು. ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, “ಹೋದ್ರೆ ಹೋಯ್ತು ಬಿಡಿ. ಇಬ್ಬರೂ ನೋಡೋಣ” ಎಂದಳು.

ಓದುಗರೇ, ಹೆಂಡತಿ ಬಾವಿಗೆ ಹಾರಿ ಎಂದಿದ್ದರೆ ಬೋರ್ಡಣ್ಣ ಹಾರುತ್ತಿದ್ದ, ಅಲ್ಲಿ ‘ಹಾರಬೇಡಿ’ ಎಂದು ಬರೆದಿಲ್ಲದಿದ್ದರೆ. ಈಗ ಕಣ್ಣೆದುರು ಬೋರ್ಡು, ಪಕ್ಕದಲ್ಲಿ ಹೆಂಡತಿ. ಅವನ ಬೆರಳು ಬಟನ್ನಿನ ಹತ್ತಿರ ಹೋಯಿತು, ಬಂತು, ಹೋಯಿತು. ಬರೆದವನನ್ನು ಮನಸ್ಸಿನಲ್ಲೇ ನೆನೆದು “ತಪ್ಪು ತಿಳ್ಕೋಬೇಡಪ್ಪಾ” ಎಂದ. ಕಣ್ಣು ಮುಚ್ಚಿ ಒತ್ತಿದ. ಮೇಷ್ಟರು ಒಂದರಿಂದ ಹತ್ತು ಎಣಿಸಿದರು. ಏಳರಲ್ಲಿ ಪರದೆ ಕಪ್ಪಾಯಿತು. ಟೈಲರಮ್ಮ “ಅಯ್ಯಯ್ಯೋ” ಎಂದರು.

ಮತ್ತೆ ಆನ್ ಮಾಡಿದರು. ಹೊಸ ಬೋರ್ಡು: ‘ಬದಲಾವಣೆಗಳನ್ನು ಹಿಂದಕ್ಕೆ ತೆಗೆಯಲಾಗುತ್ತಿದೆ. ಕಂಪ್ಯೂಟರನ್ನು ಆಫ್ ಮಾಡಬೇಡಿ.’ ಬೋರ್ಡಣ್ಣ ಅಂಗಡಿಯವಳ ಮುಖ ನೋಡಿದ. “ಇದನ್ನ ನಂಬಿ” ಎಂದಳು. ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ಇನ್ನೊಂದು ಬೋರ್ಡು ಹಾಕಬಾರದೇ ಎಂದುಕೊಂಡು ಅವನು ನೆಲದ ಮೇಲೇ ಕೂತುಬಿಟ್ಟ.

ನಾಲ್ಕು ಮುಕ್ಕಾಲಿಗೆ ಪರದೆ ತೆರೆಯಿತು. ಹೆಂಡತಿ ಹುಡುಕಿದಳು. ವರದಿ ಇತ್ತು. ಕೊನೆಯ ಅಧ್ಯಾಯವೂ ಇತ್ತು. ಅವಳು ಉಸಿರು ಬಿಟ್ಟ ಸದ್ದು ಇಡೀ ಕೋಣೆಗೆ ಕೇಳಿಸಿತು. ಬೋರ್ಡಣ್ಣ ಎದ್ದು ನಿಂತು ಅವಳ ಹೆಗಲ ಮೇಲಿಂದ ಮೊದಲ ಸಲ ವರದಿಯ ತಲೆಬರಹ ಓದಿದ: ‘ಸಾರ್ವಜನಿಕ ಸೂಚನಾ ಫಲಕಗಳು ಮತ್ತು ಅವುಗಳ ಪಾಲನೆ: ಒಂದು ಬೀದಿಯ ಅಧ್ಯಯನ.’

“ಏನೇ ಇದು? ನನ್ನ ಬೋರ್ಡುಗಳಾ?”

“ಹೂಂ. ಮೊದಲೇ ಹೇಳಿದ್ರೆ ನೀವು ಒಂದೊಂದರ ಹತ್ತಿರವೂ ನಿಂತು, ದಯವಿಟ್ಟು ಪಾಲಿಸ್ರಪ್ಪಾ ಅಂತ ಗೋಗರೀತಿದ್ರಿ. ಅಂಕಿ ಎಲ್ಲ ಕೆಟ್ಟುಹೋಗ್ತಿತ್ತು.” ಕೊನೆಯ ಪುಟ ಒಮ್ಮೆ ನೋಡಿಬಿಡಲು ಅವಳು ಕೆಳಗೆ ಜಾರಿಸಿದಳು.

ಏಳು ಬೋರ್ಡು, ಎರಡು ವರ್ಷ, ಸಾವಿರದ ನೂರ ನಲವತ್ತು ಜನ. ಎಲ್ಲರನ್ನೂ ಕಿಟಕಿಯಲ್ಲಿ ಕೂತು ಎಣಿಸಿದ್ದಳು. “ನನ್ನನ್ನೂ ಎಣಿಸಿದ್ದೀರಾ?” ಎಂದರು ಟೈಲರಮ್ಮ ಅನುಮಾನದಿಂದ. “ಕಸದ ಬೋರ್ಡಿನ ಲೆಕ್ಕದಲ್ಲಿ” ಎಂದಳು ಹೆಂಡತಿ. ಪಟ್ಟಿಯ ಕೊನೆಯ ಸಾಲು ಹೀಗಿತ್ತು: ‘ಎಲ್ಲ ಫಲಕಗಳನ್ನೂ ಎಲ್ಲ ಸಲವೂ ಪಾಲಿಸಿದವರು: 1.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ. ‘ಈ ವ್ಯಕ್ತಿ ಫಲಕ ಬರೆಯುವ ಕಸುಬಿನವರು. ಯಾರೂ ನೋಡದಿದ್ದಾಗಲೂ ಒಮ್ಮೆಯೂ ತಪ್ಪಲಿಲ್ಲ. ಇಂಥವರು ಒಬ್ಬರಿದ್ದರೂ ಫಲಕ ಬರೆಯುವುದರಲ್ಲಿ ಅರ್ಥವಿದೆ ಎಂಬುದು ಅಧ್ಯಯನ ನಡೆಸಿದವರ ಅಭಿಪ್ರಾಯ. ಇದಕ್ಕೆ ಅಂಕಿಅಂಶಗಳ ಆಧಾರವಿಲ್ಲ.’

ಬೋರ್ಡಣ್ಣ ಎರಡು ಸಲ ಓದಿದ. ಮೂರನೇ ಸಲ ಅಕ್ಷರ ಮಂಜಾದವು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, “ತಿದ್ದು ಕಣೇ” ಎಂದ.

“ಏನನ್ನ?”

“ಆ ಒಂದನ್ನ. ಸೊನ್ನೆ ಮಾಡು. ಈಗ ತಾನೆ ಇಷ್ಟು ಜನರ ಮುಂದೆ ಒತ್ತಿದೆನಲ್ಲ. ನನ್ನಿಂದ ನಿನ್ನ ವರದಿಯಲ್ಲಿ ಸುಳ್ಳು ಬೇಡ.”

ಐದಕ್ಕೆ ಆರು ನಿಮಿಷ ಇತ್ತು. ಹೆಂಡತಿ ಅವನ ಕಡೆ ತಿರುಗಿ ನೋಡಿದಳು. ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

“ಅಧ್ಯಯನದ ಅವಧಿ ಹೋದ ತಿಂಗಳೇ ಮುಗೀತು ರೀ” ಎಂದು, ‘ಕಳಿಸಿ’ ಎಂದು ಬರೆದಿದ್ದ ಕಡೆ ಒತ್ತಿದಳು.